ಹಳೇ ಕಾರಿನ ಹಿಂದಿನ ಚಕ್ರದ ಬೇರಿಂಗ್ ಮನೆಯಲ್ಲೇ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಮನೆ ಮುಂದೆ ಕೆಎ-17 ನಂಬರಿನ ಹಳೇ ಮಾರುತಿ 800 ನಿಂತಿರುತ್ತದೆ. ನಾನು ಕಸುಬಿನಿಂದ ಮೆಕ್ಯಾನಿಕ್ ಅಲ್ಲ. ಆದರೆ ಈ ಗಾಡಿಯ ಹಿಂದಿನ ಬೇರಿಂಗ್‌ಗಳನ್ನು ಮೂರು ಸಲ ನಾನೇ ಬದಲಿಸಿದ್ದೇನೆ. ನೆಂಟರ ಗಾಡಿ, ಗೆಳೆಯರ ಗಾಡಿಗೂ ಕೈ ಹಾಕಿದ್ದೇನೆ. ಹಾಗಾಗಿ ದೋಸೆ ಹೋಟೆಲಿನಲ್ಲಿ ಸಿಕ್ಕವರು, ಮದುವೆ ಮನೆಯಲ್ಲಿ ಪಕ್ಕ ಕೂತವರು, ಪತ್ರ ಬರೆಯುವವರು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ.

ಇಲ್ಲಿರುವ ಉತ್ತರಗಳು ಮುಂದಿನ ಚಕ್ರಗಳಿಂದ ಎಳೆಯುವ, ಹಿಂದೆ ಡ್ರಮ್ ಬ್ರೇಕ್ ಇರುವ ಹಳೇ ಸಣ್ಣ ಕಾರುಗಳಿಗೆ ಸೇರಿದ್ದು. ಓಮ್ನಿ, ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರು ಕೊನೆಯ ಭಾಗವನ್ನು ಮೊದಲು ಓದಿ.

## ಮೊದಲ ಪ್ರಶ್ನೆಗಳು

ಈ ಬೇರಿಂಗ್ ಅಂದ್ರೆ ಏನು, ಅದು ಯಾಕೆ ಹಾಳಾಗುತ್ತೆ?

ಹಿಂದಿನ ಚಕ್ರ ತಿರುಗುತ್ತದೆ, ಅದನ್ನು ಹೊತ್ತಿರುವ ಸ್ಪಿಂಡಲ್ ತಿರುಗುವುದಿಲ್ಲ. ಇವೆರಡರ ನಡುವೆ ಬೇರಿಂಗ್ ಕೂತಿರುತ್ತದೆ. ಹೊರಗೊಂದು ಉಕ್ಕಿನ ರಿಂಗ್, ಒಳಗೊಂದು ರಿಂಗ್, ಮಧ್ಯೆ ಗುಂಡುಗಳ ಸಾಲು, ಗುಂಡುಗಳು ಒಂದಕ್ಕೊಂದು ತಾಗದ ಹಾಗೆ ಹಿಡಿಯುವ ಪಂಜರ, ಮತ್ತೆ ಗ್ರೀಸ್. ಮಾರುತಿ 800 ಥರದ ಗಾಡಿಯಲ್ಲಿ ಒಂದೊಂದು ಡ್ರಮ್ಮಿನಲ್ಲೂ (ಚಕ್ರದ ಜೊತೆ ತಿರುಗುವ, ಒಳಗೆ ಬ್ರೇಕ್ ಇರುವ ಕಬ್ಬಿಣದ ಬಟ್ಟಲು) ಇಂಥವು ಎರಡು ಇರುತ್ತವೆ. ಅವುಗಳ ನಡುವೆ ಕೊಳವೆಯಂಥ ಒಂದು ಸ್ಪೇಸರ್.

ಬೇರಿಂಗ್‌ಗೆ ವಯಸ್ಸಾಗುತ್ತದೆ ನಿಜ. ಆದರೆ ನಾನು ಬಿಚ್ಚಿ ನೋಡಿದವುಗಳಲ್ಲಿ ಜಾಸ್ತಿ ಸತ್ತಿದ್ದು ನೀರಿನಿಂದ. ನಾಲೆಗೆ ನೀರು ಬಿಟ್ಟ ಕಾಲದಲ್ಲಿ ಗದ್ದೆ ಬಯಲಿನ ರಸ್ತೆಗಳು ಹೇಗಿರುತ್ತವೆ ಅಂತ ನಮಗೆಲ್ಲ ಗೊತ್ತು. ಓಡಿ ಬಿಸಿಯಾದ ಡ್ರಮ್ಮು ಸೀದಾ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಸೀಲಿನ ಅಂಚಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಎರೆಮಣ್ಣು ಕದಡಿದ ನೀರಾದರೆ ಕೇಳುವುದೇ ಬೇಡ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ನೀರನ್ನು ಚಕ್ರದ ನಡುವಿಗೆ ಹಿಡಿಯುವುದೂ ಅಷ್ಟೇ ಕೆಟ್ಟದ್ದು. ಎರಡನೆಯ ಕಾರಣ ಹೊರೆ: ಊರಿಂದ ಬರುವಾಗ ಹಿಂದಿನ ಸೀಟಿನ ಮೇಲೆ ಅಕ್ಕಿ ಚೀಲ, ಅದರ ಮೇಲೆ ಇಬ್ಬರು. ಮೂರನೆಯದು, ಮೊದಲ ಸಲ ಕೂರಿಸುವಾಗಲೇ ಆದ ಪೆಟ್ಟು. ಅದರ ಬಗ್ಗೆ ಮುಂದೆ ಉದ್ದಕ್ಕೆ ಬರೆದಿದ್ದೇನೆ.

ಹಿಂದ್ಗಡೆಯಿಂದ ಗುಂಯ್ ಅಂತ ಸೌಂಡ್ ಬರ್ತತಿ. ಬೇರಿಂಗೋ ಟೈರೋ ಹೆಂಗ್ ಗೊತ್ತಾಗ್ತತಿ?

ಸದ್ದನ್ನು ರಸ್ತೆ ಬದಲಾಯಿಸುತ್ತದೋ, ವೇಗ ಬದಲಾಯಿಸುತ್ತದೋ ನೋಡಿ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದ ಕೂಡಲೇ ಸದ್ದಿನ ರೀತಿ ಬದಲಾದರೆ ಅದು ಟೈರು. ಯಾವ ರಸ್ತೆಯಲ್ಲೂ ಅದೇ ಗುಂಯ್ ಇದ್ದು, ವೇಗ ಹೆಚ್ಚಿದಂತೆ ಏರುತ್ತಾ ಹೋದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಕ್ಲಚ್ ಒತ್ತಿ ಎಂಜಿನ್ ಸದ್ದು ಇಳಿಸಿ ನೋಡಿ. ಆಗಲೂ ಗುಂಯ್ ಹಾಗೇ ಇದ್ದರೆ ಅದು ಎಂಜಿನ್ನಿಂದ ಬರುತ್ತಿಲ್ಲ.

ಆಮೇಲೆ ತಿರುವು. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಬೇರಿಂಗ್, ಬಲಕ್ಕೆ ತಿರುಗುವಾಗ ಜಾಸ್ತಿಯಾದರೆ ಎಡಗಡೆಯದು. ಚಿತ್ರದುರ್ಗದ ಕಡೆ ಹೋಗುವ ಹೈವೇಯಲ್ಲಿ ಬೆಳಗಿನ ಜಾವ ಖಾಲಿ ಇರುವಾಗ ಉದ್ದನೆಯ ತಿರುವುಗಳಲ್ಲಿ ಇದನ್ನು ಕೇಳಬಹುದು. ಸ್ಟೀರಿಂಗ್ ಅತ್ತಿತ್ತ ಎಳೆದಾಡಿ ಪರೀಕ್ಷೆ ಮಾಡುವುದು ಬೇಡ.

ಇನ್ನೂ ಅನುಮಾನ ಉಳಿದರೆ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಓಡಿಸಿ. ಸದ್ದೂ ಮುಂದಕ್ಕೆ ಬಂತು ಅಂದರೆ ಟೈರೇ.

ಗಾಡಿ ನಿಂತಿದ್ದಾಗ ಪರೀಕ್ಷೆ ಮಾಡೋಕೆ ಆಗಲ್ವಾ?

ಆಗುತ್ತದೆ. ಹಿಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಟೈರು ಹಿಡಿದು ಒಂದು ಕೈ ನೂಕಿ, ಒಂದು ಕೈ ಎಳೆಯಿರಿ. ಕಟ್ ಕಟ್ ಅಂತ ಆಟ ಕೊಟ್ಟರೆ ಬೇರಿಂಗ್ ಸವೆದಿದೆ, ಇಲ್ಲವೇ ನಟ್ ಸಡಿಲವಾಗಿದೆ.

ಆಟ ಇಲ್ಲದಿದ್ದರೂ ಹಾಳಾಗಿರಬಹುದು. ಒಂದು ಕೈಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್ ಹಿಡಿದುಕೊಳ್ಳಿ, ಇನ್ನೊಂದು ಕೈಯಲ್ಲಿ ಚಕ್ರ ಜೋರಾಗಿ ತಿರುಗಿಸಿ. ಒಳ್ಳೆ ಬೇರಿಂಗ್ ಆದರೆ ಸ್ಪ್ರಿಂಗ್ ಸುಮ್ಮನಿರುತ್ತದೆ. ಹೋಗಿರುವುದಾದರೆ ಮರಳು ಅರೆದ ಹಾಗೆ ಸಣ್ಣ ಜರಜರ ಬೆರಳಿಗೆ ಬರುತ್ತದೆ. ಕಿವಿಗೆ ಕೇಳದ್ದು ಬೆರಳಿಗೆ ತಿಳಿಯುತ್ತದೆ, ಎರಡೂ ಕಡೆ ಹೋಲಿಸಿ ನೋಡಿ. ಬ್ರೇಕ್ ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ತಾಗುವ ಸರ್ ಸರ್ ಸದ್ದಿಗೆ ಮೋಸ ಹೋಗಬೇಡಿ. ಅದು ಸುತ್ತಿನಲ್ಲಿ ಒಂದು ಕಡೆ ಮಾತ್ರ ಬರುತ್ತದೆ.

ಸೌಂಡ್ ಇದ್ರೂ ಓಡ್ತಾ ಇದೆಯಲ್ಲ. ಇನ್ನೂ ಎಷ್ಟು ದಿನ ಓಡಿಸ್ಬಹುದು?

ದಿನ ಲೆಕ್ಕ ಹೇಳಲು ಆಗುವುದಿಲ್ಲ. ಬರೀ ಗುಂಯ್ ಅನ್ನುತ್ತಿದ್ದರೆ ಬೇರಿಂಗ್ ತಂದು, ಭಾನುವಾರ ಬರುವವರೆಗೆ ಊರೊಳಗೆ ನಿಧಾನವಾಗಿ ಓಡಿಸಬಹುದು. ಚಕ್ರ ಆಟ ಕೊಡುತ್ತಿದ್ದರೆ, ಕಟಕಟ ಅನ್ನುತ್ತಿದ್ದರೆ, ಬ್ರೇಕ್ ಹಾಕದೆ ಓಡಿಸಿದರೂ ಒಂದೇ ಡ್ರಮ್ಮು ಸುಡುತ್ತಿದ್ದರೆ ಅಲ್ಲೇ ನಿಲ್ಲಿಸಿ. ಪಂಜರ ಒಡೆದರೆ ಗುಂಡುಗಳೆಲ್ಲ ಒಂದು ಕಡೆ ಸೇರಿ ಚಕ್ರ ವಾಲುತ್ತದೆ. ಸ್ಪಿಂಡಲ್ ಕೆಟ್ಟರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಹೋಗುವ ಮಾತಂತೂ ಬೇಡ.

ಗ್ಯಾರೇಜಿಗೆ ಕೊಟ್ರೆ ಬೇಗ ಮುಗಿಯುತ್ತೆ. ನಾನ್ಯಾಕೆ ಒದ್ದಾಡ್ಲಿ?

ಕೊಡಬಹುದು, ಅದರಲ್ಲಿ ತಪ್ಪಿಲ್ಲ. ನಿಮಗೆ ನಂಬಿಕೆಯ ಮೆಕ್ಯಾನಿಕ್ ಇದ್ದರೆ ಅವರ ಕೈಯ ಅಭ್ಯಾಸ ನಮಗೆ ಬರುವುದಿಲ್ಲ. ಆದರೆ ಅವರಿಗೆ ಇಲ್ಲದ್ದು ಒಂದು ನಮಗಿದೆ, ಸಮಯ. ಬೇರಿಂಗ್ ಕೂರಿಸುವುದು ತಾಕತ್ತಿನ ಕೆಲಸ ಅಲ್ಲ, ನಿಧಾನದ ಮತ್ತು ಚೊಕ್ಕಟದ ಕೆಲಸ. ಸಾಲಾಗಿ ಗಾಡಿಗಳು ಕಾಯುತ್ತಿರುವ ಕಡೆ ಡ್ರಮ್ಮಿನ ಒಳಗನ್ನು ಬಟ್ಟೆಯಿಂದ ಮೂರು ಸಲ ಒರೆಸುವವರು ಕಡಿಮೆ. ಮನೆಯಲ್ಲಿ ನಾವು ಒರೆಸುತ್ತೇವೆ. ಮೊದಲ ಸಲಕ್ಕೆ ಒಂದು ಪೂರ್ತಿ ಹಗಲು ಇಟ್ಟುಕೊಳ್ಳಿ. ಸಂಜೆ ಶುರು ಮಾಡಬೇಡಿ.

## ಸಾಮಾನು, ಬೇರಿಂಗ್, ಅಂಗಡಿ

ಏನೇನು ಸಾಮಾನು ಬೇಕು?

ಜಾಕಿ, ಎರಡು ಜಾಕ್ ಸ್ಟ್ಯಾಂಡ್, ಮುಂದಿನ ಚಕ್ರಕ್ಕೆ ಕೊಡಲು ಕಲ್ಲು ಅಥವಾ ಮರದ ಆಪು. ನಡುವಿನ ನಟ್‌ಗೆ ಸರಿಯಾದ ಸಾಕೆಟ್, ಉದ್ದ ಹಿಡಿ, ಅದಕ್ಕೆ ತೊಡಿಸಲು ಒಂದು ಕಬ್ಬಿಣದ ಪೈಪು. ಸುತ್ತಿಗೆ, ಉದ್ದನೆಯ ಪಂಚ್, ಕಟಿಂಗ್ ಪ್ಲೇಯರ್. ಹೊಸ ಸ್ಪ್ಲಿಟ್ ಪಿನ್ (ನಟ್ ಬಿಚ್ಚಿಕೊಳ್ಳದಂತೆ ತೂರಿಸಿ ಮಡಿಸುವ ಕಡ್ಡಿ). ಮರದ ತುಂಡುಗಳು. ಸೀಮೆಎಣ್ಣೆ ಅಥವಾ ಡೀಸೆಲ್, ಬನಿಯನ್ ವೇಸ್ಟ್ ಬಟ್ಟೆ, ಹರಡಲು ಶುದ್ಧವಾದ ಪೇಪರ್. ಕಣ್ಣಿಗೆ ಕನ್ನಡಕ ಕಡ್ಡಾಯ. ಬೇರಿಂಗ್ ಉಕ್ಕು ಗಡಸು, ಏಟಿಗೆ ಚೂರು ಸಿಡಿಯುತ್ತದೆ. ಚಪ್ಪಲಿಯಲ್ಲಿ ಕೆಲಸಕ್ಕೆ ಇಳಿಯಬೇಡಿ. ಡ್ರಮ್ಮು ಕಾಲ ಮೇಲೆ ಬಿದ್ದರೆ ಬೆರಳು ಉಳಿಯುವುದಿಲ್ಲ.

ಪಾನಾ ತಂದಿಟ್ಟ ಮೇಲೆ ಅದು ನಟ್‌ಗೆ ಕೂರುತ್ತದಾ ಅಂತ ಮೊದಲೇ ನೋಡಿ. ಅರ್ಧ ಬಿಚ್ಚಿದ ಗಾಡಿ ಬಿಟ್ಟು ಭಾನುವಾರ ಅಂಗಡಿ ಹುಡುಕುವುದು ಬಲು ಕಷ್ಟ.

ಬೇರಿಂಗ್ ನಂಬರ್ ಗೊತ್ತಿಲ್ಲ. ಅಂಗಡಿಯವ್ರಿಗೆ ಏನಂತ ಕೇಳ್ಲಿ?

ಗಾಡಿಯ ಮಾಡೆಲ್, ವರ್ಷ ಹೇಳಿದರೆ ಕೊಡುತ್ತಾರೆ. ಆದರೆ ಹಳೇ ಗಾಡಿಗೆ ಯಾರೋ ಹಿಂದೆ ಬೇರೆ ಡ್ರಮ್ಮು ಹಾಕಿರಬಹುದು. ಹಾಗಾಗಿ ಹಳೇ ಬೇರಿಂಗಿನ ಮೇಲಿನ ನಂಬರೇ ನಂಬಿಕೆಯದ್ದು. ರಿಂಗಿನ ಅಂಚನ್ನು ಒರೆಸಿ, ಬೆಳಕಿಗೆ ಓರೆ ಹಿಡಿದರೆ ಓದಲು ಬರುತ್ತದೆ.

ಆ ನಂಬರನ್ನು ಓದಲು ಕಲಿತರೆ ಅಂಗಡಿಯಲ್ಲಿ ತಡವರಿಸಬೇಕಿಲ್ಲ. ಒಂದು ಉದಾಹರಣೆಗೆ 6205 ತಗೊಳ್ಳಿ. ಮೊದಲ 6 ಅಂದರೆ ಒಂದೇ ಸಾಲಿನ ಗುಂಡಿನ ಬೇರಿಂಗ್. 2 ಅದರ ಗಾತ್ರದ ಸರಣಿ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ: 05 ಅಂದರೆ 25 ಮಿ.ಮೀ. ಇದರ ಹೊರಗಿನ ಅಳತೆ 52, ದಪ್ಪ 15 ಮಿ.ಮೀ. 04ರಿಂದ ಮೇಲಕ್ಕೆ ಈ ಲೆಕ್ಕ ನಡೆಯುತ್ತದೆ. 03 ಮಾತ್ರ 17 ಮಿ.ಮೀ., ಅದಕ್ಕೆ ಗುಣಾಕಾರ ಇಲ್ಲ. ನಂಬರಿನ ಹಿಂದೆ 2ಆರ್‌ಎಸ್ ಅಂತಿದ್ದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಇದ್ದರೆ ಎರಡೂ ಕಡೆ ತಗಡಿನ ಮುಚ್ಚಳ. ಸಿ3 ಅಂತಿದ್ದರೆ ಒಳಗಿನ ಸಡಿಲ ಮಾಮೂಲಿಗಿಂತ ಸ್ವಲ್ಪ ಜಾಸ್ತಿ. ಹಳೇದರಲ್ಲಿ ಹಿಂದಿನ ಅಕ್ಷರ ಏನಿತ್ತೋ ಹೊಸದರಲ್ಲೂ ಅದೇ ಇರಲಿ.

ಒಳಗಿನದು, ಹೊರಗಿನದು ಎರಡರ ನಂಬರ್ ಬೇರೆ ಬೇರೆ ಇರಬಹುದು. ಎರಡನ್ನೂ ಬರೆದುಕೊಳ್ಳಿ, ಯಾವುದು ಎಲ್ಲಿಯದು ಅಂತಲೂ ಗುರುತು ಹಾಕಿ.

ಡುಪ್ಲಿಕೇಟ್ ಮಾಲು ಅಂತ ಹೆಂಗೆ ಕಂಡುಹಿಡಿಯೋದು?

ಡಬ್ಬಿಯ ಮೇಲಿನ ನಂಬರ್ ಮತ್ತು ರಿಂಗಿನ ಮೇಲಿನ ನಂಬರ್ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಬರಹ ಮಸುಕಾಗಿದ್ದರೆ, ವಂಕವಂಕವಾಗಿದ್ದರೆ ಬೇಡ ಅನ್ನಿ. ಬೆರಳಲ್ಲಿ ತಿರುಗಿಸಿದಾಗ ಗ್ರೀಸಿನ ಮೆತ್ತನೆ ತಡೆ ಇರಬೇಕು. ಎಲ್ಲೂ ಕಚ್ಚಬಾರದು. ಎಸ್‌ಕೆಎಫ್, ಎನ್‌ಬಿಸಿ ಥರದ ಹೆಸರಿನವು ಕೊಳ್ಳುವಾಗ ಬಿಲ್ ಕೇಳಿ. ಬಿಲ್ ಕೊಡಲು ಹಿಂದೆಮುಂದೆ ನೋಡಿದರೆ ಮುಂದಿನ ಅಂಗಡಿಗೆ ನಡೆಯಿರಿ. ಬೇರಿಂಗ್ ಮಾತ್ರ ಮಾರುವ ಅಂಗಡಿ ನನ್ನ ಮೊದಲ ಆಯ್ಕೆ. ಅಲ್ಲಿಗೆ ರೈಸ್‌ಮಿಲ್ಲಿನವರು, ಪಂಪ್‌ಸೆಟ್ ರಿಪೇರಿಯವರು ದಿನಾ ಬರುತ್ತಾರೆ, ಕೆಟ್ಟ ಮಾಲು ಹೆಚ್ಚು ದಿನ ನಡೆಯುವುದಿಲ್ಲ.

ಎರಡರಲ್ಲಿ ಒಂದೇ ಹೋಗಿದೆ. ಒಂದನ್ನೇ ಬದಲಿಸಿದ್ರೆ ಸಾಲದಾ?

ಒಂದು ಡ್ರಮ್ಮಿನ ಎರಡನ್ನೂ ಒಟ್ಟಿಗೆ ಬದಲಿಸಿ. ಹೊರಗೆ ತೆಗೆಯುವಾಗ ಒಳಗಿನ ರಿಂಗಿಗೆ ಹೊಡೆಯಲೇಬೇಕಾಗುತ್ತದೆ, ಆ ಏಟು ತಿಂದ ಬೇರಿಂಗ್ ಮತ್ತೆ ಹಾಕುವುದಕ್ಕೆ ಲಾಯಕ್ಕಲ್ಲ. ಆಚೆ ಕಡೆಯ ಚಕ್ರ ಚೆನ್ನಾಗಿದ್ದರೆ ಅದನ್ನು ಮುಟ್ಟಬೇಡಿ.

## ಬಿಚ್ಚುವುದು

ಜಾಕಿ ಒಂದಿದ್ರೆ ಸಾಕಲ್ವಾ? ಗಾಡಿ ಕೆಳಗೆ ಹೋಗೋ ಕೆಲ್ಸ ಏನಿಲ್ವಲ್ಲ?

ಸಾಕಾಗುವುದಿಲ್ಲ. ಅಂಟಿದ ಡ್ರಮ್ಮನ್ನು ಎಳೆಯುವಾಗ ಗಾಡಿಯನ್ನೇ ಎಳೆಯುತ್ತಿರುತ್ತೀರಿ. ಗಾಡಿಯ ಜೊತೆ ಬರುವ ಜಾಕಿ ಪಂಕ್ಚರ್ ಬದಲಿಸಲು ಮಾತ್ರ, ಅಡ್ಡ ಎಳೆತಕ್ಕೆ ವಾಲಿಬಿಡುತ್ತದೆ. ಇನ್ನೊಂದು ತಪ್ಪನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ, ಸಿಮೆಂಟಿನ ಹಾಲೋ ಬ್ಲಾಕ್ ಇಟ್ಟು ಗಾಡಿ ಕೂರಿಸುವುದು. ಅದು ಬಿರುಕು ಬಿಡುವ ಮುಂಚೆ ಹೇಳುವುದಿಲ್ಲ, ಒಂದೇ ಸಲ ಪುಡಿಯಾಗುತ್ತದೆ. ಉಕ್ಕಿನ ಸ್ಟ್ಯಾಂಡ್ ತಗೊಳ್ಳಿ, ಇಲ್ಲವೇ ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ. ಜೊತೆಗೆ ತೆಗೆದ ಚಕ್ರವನ್ನು ಗಾಡಿಯ ಅಡಿಗೆ ಮಲಗಿಸಿ ಇಡಿ.

ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನೇ. ಡ್ರಮ್ಮು ತೆಗೆಯಲು ಅದನ್ನು ಇಳಿಸಲೇಬೇಕು. ಹಾಗಾಗಿ ಗಾಡಿ ಫಸ್ಟ್ ಗೇರಿನಲ್ಲಿರಲಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆಮುಂದೆ ಆಪು ಇರಲಿ. ಇಳಿಜಾರಿನಲ್ಲಿ ಈ ಕೆಲಸ ಮಾಡಬೇಡಿ.

ನಡುವಿನ ನಟ್ ಜಗ್ತಾನೇ ಇಲ್ಲ. ನಾನು ಹೆಂಗಸು, ನನ್ನ ಕೈಲಿ ಆಗುತ್ತಾ ಸರ್?

ಖಂಡಿತ ಆಗುತ್ತದಮ್ಮ. ಇದಕ್ಕೆ ಬೇಕಾದ್ದು ತೋಳಿನ ಬಲ ಅಲ್ಲ, ಹಿಡಿಯ ಉದ್ದ. ಒಂದು ಮೀಟರ್ ಪೈಪಿನ ತುದಿಯಲ್ಲಿ 10 ಕೆ.ಜಿ. ಭಾರ ಇಟ್ಟರೆ ಸುಮಾರು 98 ನ್ಯೂಟನ್ ಮೀಟರ್ ತಿರುಚು ಸಿಗುತ್ತದೆ. ಅಕ್ಕಿಯ ಚಿಕ್ಕ ಚೀಲ ಎತ್ತುವವರು ಯಾರಾದರೂ ಅಷ್ಟು ಭಾರ ಹಾಕಬಲ್ಲರು.

ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು, ಅದೇ ಗುಟ್ಟು. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಬೆಳಗ್ಗೆ ಹ್ಯಾಂಡ್‌ಬ್ರೇಕ್ ಹಾಕಿ, ಗೇರಿಗೆ ಹಾಕಿ, ನಡುವಿನ ಮುಚ್ಚಳ ತೆಗೆಯಿರಿ. ಸ್ಪ್ಲಿಟ್ ಪಿನ್ ನೇರ ಮಾಡಿ ಎಳೆದು ಹಾಕಿ. ಕೆಲವು ಗಾಡಿಗಳಲ್ಲಿ ಪಿನ್ ಇರುವುದಿಲ್ಲ, ನಟ್ಟಿನ ಅಂಚನ್ನೇ ಸ್ಪಿಂಡಲ್ಲಿನ ಕುಳಿಗೆ ಬಡಿದಿರುತ್ತಾರೆ. ಆ ಮಡಿಕೆಯನ್ನು ಮೊದಲು ಎಬ್ಬಿಸಿ, ಮತ್ತೆ ಹಾಕುವಾಗ ಹೊಸ ನಟ್ ಹಾಕಿ. ಸಾಕೆಟ್ ಪೂರ್ತಿ ಕೂತಿದೆ ಅಂತ ನೋಡಿಕೊಂಡು ಪೈಪಿನ ಮೇಲೆ ನಿಧಾನವಾಗಿ ಮೈಭಾರ ಬಿಡಿ. ಜಿಗಿಯಬೇಡಿ, ಪೈಪಿನ ಮೇಲೆ ನಿಲ್ಲಬೇಡಿ. ಕರ್ ಅಂತ ಒಂದು ಸದ್ದು ಬರುತ್ತದೆ, ಅಲ್ಲಿಗೆ ಬಿಟ್ಟಿತು ಅಂತ ಅರ್ಥ. ಪೂರ್ತಿ ತೆಗೆಯುವುದು ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟ ಮೇಲೆ.

ಡ್ರಮ್ಮು ಅಂಟ್ಕೊಂಡು ಬರ್ತಾನೇ ಇಲ್ಲ. ಏನ್ ಮಾಡ್ಲಿ?

ಹ್ಯಾಂಡ್‌ಬ್ರೇಕ್ ಇಳಿಸಿದ್ದೀರಾ? ಅರ್ಧದಷ್ಟು ಜನರ ತೊಂದರೆ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಲೈನರ್ ಉಜ್ಜಿ ಡ್ರಮ್ಮಿನ ಒಳಗೆ ಏಣು ಎದ್ದಿರುತ್ತದೆ, ಲೈನರ್ ಹೊತ್ತ ಬ್ರೇಕ್ ಶೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ಲನ್ನು ಪೂರ್ತಿ ಸಡಿಲಿಸಿ, ಹಿಂದಿನ ತಗಡಿನ ತೂತಿನಿಂದ, ಶೂ ಮತ್ತು ಡ್ರಮ್ಮಿನ ಅಂತರ ಸರಿಪಡಿಸುವ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ. ಹಲವು ಡ್ರಮ್ಮುಗಳ ಮುಖದ ಮೇಲೆ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಸರಿಯಾದ ಬೋಲ್ಟ್ ಎರಡನ್ನು ಹಾಕಿ ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು ಬಿಗಿಯುತ್ತಾ ಹೋದರೆ ಡ್ರಮ್ಮು ತಾನೇ ಎದ್ದು ಬರುತ್ತದೆ. ಅಂಚಿಗೆ ಸುತ್ತಿಗೆ ಏಟು ಬೇಡ. ಬೀಡು ಕಬ್ಬಿಣ, ಚಕ್ಕೆ ಏಳುತ್ತದೆ.

ಡ್ರಮ್ಮು ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ತುಳಿಯಬಾರದು. ತುಳಿದರೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದು ಬ್ರೇಕ್ ಆಯಿಲ್ ಸುರಿಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗಾಡಿಗೆ ಬೀಗ ಹಾಕಿ.

ಒಳಗಡೆ ಕಪ್ಪು ಧೂಳು ತುಂಬಿದೆ. ಗಾಳಿ ಹೊಡೆದು ತೆಗೀಲಾ?

ಬೇಡ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶ ಸೇರಿದರೆ ಮತ್ತೆ ಹೊರಗೆ ಬರುವುದಿಲ್ಲ. ಊದಲೂ ಬೇಡ. ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಹಳೇ ಬೇರಿಂಗನ್ನ ಡ್ರಮ್ಮಿಂದ ಹೊರಗೆ ತೆಗೆಯೋದು ಹೆಂಗೆ?

ಡ್ರಮ್ಮನ್ನು ಎರಡು ಮರದ ತುಂಡಿನ ಮೇಲೆ ಇಡಿ, ಬೇರಿಂಗ್ ಕೆಳಗೆ ಬೀಳಲು ಜಾಗ ಬಿಡಿ. ಆಯಿಲ್ ಸೀಲ್, ಲಾಕ್ ರಿಂಗ್ ಇದ್ದರೆ ಮೊದಲು ತೆಗೆಯಿರಿ. ಮೇಲಿನಿಂದ ಪಂಚ್ ಇಳಿಸಿ ನಡುವಿನ ಸ್ಪೇಸರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಆಗ ಕೆಳಗಿನ ಬೇರಿಂಗಿನ ಒಳರಿಂಗಿನ ಅಂಚು ಕಾಣುತ್ತದೆ. ಅಲ್ಲೊಂದು ಏಟು, ಎದುರುಗಡೆ ಒಂದು ಏಟು. ಒಂದೇ ಕಡೆ ಹೊಡೆದರೆ ಬೇರಿಂಗ್ ಓರೆಯಾಗಿ ಡ್ರಮ್ಮಿನ ಗೋಡೆ ಕೆರೆಯುತ್ತದೆ. ಒಂದು ಬಿದ್ದ ಮೇಲೆ ಸ್ಪೇಸರ್ ಹೊರಗೆ ಬರುತ್ತದೆ. ಅದು ಯಾವ ದಿಕ್ಕಿಗಿತ್ತು ಅಂತ ಗುರುತು ಮಾಡಿ, ಜೋಪಾನವಾಗಿಡಿ. ಡ್ರಮ್ಮು ತಿರುವಿ ಇನ್ನೊಂದನ್ನೂ ಹಾಗೇ ತೆಗೆಯಿರಿ.

## ಕೂರಿಸುವುದು

ಹೊಸಾದನ್ನ ಸುತ್ತಿಗೇಲಿ ಹೊಡೆದು ಕೂರಿಸ್ಬಹುದಾ?

ಈ ಪ್ರಶ್ನೆಗೆ ನಾನು ದುಡ್ಡು ಕೊಟ್ಟು ಉತ್ತರ ಕಲಿತೆ. ಮೊದಲ ಸಲ ಹೊಸ ಬೇರಿಂಗನ್ನು ಡ್ರಮ್ಮಿನ ಬಾಯಿಗಿಟ್ಟು, ಒಳಗಿನ ರಿಂಗಿಗೆ ಸರಿಹೋಗುವ ಪೈಪು ಇಟ್ಟು ಹೊಡೆದೆ. ಚೆನ್ನಾಗಿ ಕೂತಿತು. ಮೂರು ತಿಂಗಳಿಗೆ ಮತ್ತೆ ಗುಂಯ್ ಶುರುವಾಯಿತು. ಬಿಚ್ಚಿ, ಬೇರಿಂಗನ್ನು ಒಡೆದು ನೋಡಿದೆ. ಹೊರಗಿನ ರಿಂಗಿನ ಕನ್ನಡಿಯಂಥ ಹಾದಿಯ ಮೇಲೆ, ಗುಂಡುಗಳು ಇದ್ದ ಅಂತರದಲ್ಲೇ, ಸಣ್ಣ ಸಣ್ಣ ಕುಳಿಗಳ ಸಾಲು. ಉಗುರು ಆಡಿಸಿದರೆ ಟಿಕ್ ಟಿಕ್ ಅಂತ ಸಿಗುತ್ತಿತ್ತು. ನಾನು ಹೊಡೆದ ಒಂದೊಂದು ಏಟೂ ಗುಂಡುಗಳ ಮೂಲಕ ಹಾದು ಅಲ್ಲಿ ಮುದ್ರೆ ಒತ್ತಿತ್ತು.

ಆವತ್ತಿನಿಂದ ಒಂದೇ ನಿಯಮ: ಯಾವ ರಿಂಗ್ ಬಿಗಿಯಾಗಿ ಕೂರಬೇಕೋ ಅದಕ್ಕೇ ಒತ್ತಡ, ಇನ್ನೊಂದನ್ನು ಮುಟ್ಟಬಾರದು. ನಮ್ಮ ಗಾಡಿಯಲ್ಲಿ ಹೊರಗಿನ ರಿಂಗ್ ಡ್ರಮ್ಮಿಗೆ ಬಿಗಿ, ಒಳಗಿನದು ಸ್ಪಿಂಡಲ್ಲಿನ ಮೇಲೆ ಕೈಯಲ್ಲೇ ಜಾರುತ್ತದೆ. ಹಾಗಾಗಿ ಒತ್ತಡವೆಲ್ಲ ಹೊರಗಿನ ರಿಂಗಿಗೆ. ಹಳೇ ಬೇರಿಂಗಿನ ಹೊರರಿಂಗನ್ನೇ ಇದಕ್ಕೆ ಬಳಸಿಕೊಳ್ಳಬಹುದು. ಅದರ ಹೊರಮೈಯನ್ನು ಗ್ರೈಂಡರಿನಲ್ಲಿ ಕೂದಲೆಳೆಯಷ್ಟು ಸವೆಸಿ, ಇಲ್ಲದಿದ್ದರೆ ಅದೂ ಒಳಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ಹೊಸದರ ಮೇಲಿಟ್ಟು, ಮೇಲೊಂದು ಮರದ ತುಂಡಿಟ್ಟು, ಸುತ್ತಲೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಶುರುವಿನಲ್ಲಿ ಸದ್ದು ಟಣ್ ಟಣ್ ಅಂತ ಟೊಳ್ಳಾಗಿರುತ್ತದೆ. ತಳ ಮುಟ್ಟಿದ ಕ್ಷಣ ದಪ್ ಅಂತ ಗಟ್ಟಿಯಾಗುತ್ತದೆ. ಆ ಸದ್ದು ಬಂದ ಮೇಲೆ ಒಂದು ಏಟೂ ಬೇಡ.

ಎರಡನೆಯದನ್ನು ಹಾಕುವ ಮುಂಚೆ ಸ್ಪೇಸರ್ ಒಳಗಿಡಿ. ಮರೆತರೆ ಮತ್ತೆ ಬಿಚ್ಚಬೇಕು, ಬಿಚ್ಚಿದರೆ ಹೊಸ ಬೇರಿಂಗ್ ಹೋಯಿತು.

ಪ್ರೆಸ್ (ಏಟಿಲ್ಲದೆ ಒತ್ತಿ ಕೂರಿಸುವ ಯಂತ್ರ) ಸಿಕ್ಕರೆ ಇನ್ನೂ ಒಳ್ಳೆಯದು. ಡ್ರಮ್ಮು, ಬೇರಿಂಗ್, ಸ್ಪೇಸರ್ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಲೇತ್ ಅಂಗಡಿಗೆ ಹೋಗಿ. ನಮ್ಮ ಕಡೆ ಲೇತ್ ಕೆಲಸ ಬಲ್ಲವರಿಗೆ ಬರ ಇಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ತಯಾರಿಸುತ್ತಿತ್ತು. ಅಂಗಡಿಯಲ್ಲೂ ಪಕ್ಕದಲ್ಲಿ ನಿಂತು, ‘ಅಣ್ಣಾ, ಹೊರಗಿನ ರಿಂಗಿಗೇ ಒತ್ತಿ’ ಅಂತ ಒಂದು ಮಾತು ಹೇಳಿ.

ಬೇರಿಂಗನ್ನ ಫ್ರಿಜ್‌ನಲ್ಲಿ ಇಟ್ರೆ ಸಲೀಸಾಗಿ ಕೂರುತ್ತೆ ಅಂತಾರೆ, ನಿಜಾನಾ?

ನಿಜ. 52 ಮಿ.ಮೀ. ಉಕ್ಕಿನ ರಿಂಗ್ 50 ಡಿಗ್ರಿ ತಣ್ಣಗಾದರೆ ಸುಮಾರು 0.03 ಮಿ.ಮೀ. ಕುಗ್ಗುತ್ತದೆ. ಕೇಳಲು ಏನೂ ಅಲ್ಲ ಅನಿಸಬಹುದು, ಆದರೆ ಇಲ್ಲಿನ ಬಿಗಿಯೂ ಅಷ್ಟೇ ಸಣ್ಣ ಲೆಕ್ಕದ್ದು. ರಾತ್ರಿಯೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಮರುದಿನ ಒರೆಸಿದ ಡ್ರಮ್ಮನ್ನು ಬಿಸಿಲಿಗಿಡಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಡ್ರಮ್ಮು ಕೈ ಇಡಲಾರದಷ್ಟು ಕಾಯುತ್ತದೆ. ಎರಡನ್ನೂ ತಂದ ಕೂಡಲೇ ಕೂರಿಸಿ, ಒಂದೆರಡು ನಿಮಿಷದಲ್ಲಿ ಆ ಅನುಕೂಲ ಹೋಗಿಬಿಡುತ್ತದೆ. ಮೇಲೆ ಕೂತ ತೇವವನ್ನು ಒರೆಸಿ. ಬೇರಿಂಗ್ ಕೂತ ಡ್ರಮ್ಮನ್ನು ಗ್ಯಾಸ್ ಒಲೆಯ ಮೇಲೆ ಇಡಬೇಡಿ. ಸೀಲ್ ಸುಡುತ್ತದೆ, ಗ್ರೀಸ್ ಕರಗಿ ಓಡುತ್ತದೆ.

ಗ್ರೀಸ್ ಎಷ್ಟು ತುಂಬ್ಬೇಕು?

ಎರಡೂ ಕಡೆ ಸೀಲ್ ಇರುವ ಬೇರಿಂಗಿಗೆ ಏನೂ ಬೇಡ, ಕಂಪನಿಯಲ್ಲೇ ತುಂಬಿರುತ್ತಾರೆ. ಅದನ್ನು ಡೀಸೆಲ್ಲಿನಲ್ಲಿ ತೊಳೆಯಲೂ ಬೇಡ. ತೆರೆದ ಬೇರಿಂಗ್ ಆದರೆ ಅಂಗೈಯಲ್ಲಿ ವೀಲ್ ಬೇರಿಂಗ್ ಗ್ರೀಸ್ ಇಟ್ಟು ಗುಂಡುಗಳ ಮಧ್ಯೆ ಒತ್ತಿ ತುಂಬಿ. ಡ್ರಮ್ಮಿನ ನಡುವಿನ ಖಾಲಿ ಜಾಗದಲ್ಲಿ ಮೂರನೇ ಒಂದು ಪಾಲು ಸಾಕು. ಜಾಸ್ತಿ ತುಂಬಿದರೆ ಬಿಸಿಗೆ ಉಕ್ಕಿ ಲೈನರ್ ಮೇಲೆ ಬರುತ್ತದೆ, ಆಗ ಬ್ರೇಕ್ ಹಿಡಿಯುವುದಿಲ್ಲ.

ನಟ್ ಎಷ್ಟು ಬಿಗಿ ಮಾಡ್ಬೇಕು? ಕೈ ಅಂದಾಜು ಸಾಕಾ?

ನಿಮ್ಮ ಮಾಡೆಲ್ಲಿನ ವರ್ಕ್‌ಶಾಪ್ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟು, ಬಿಗಿಯ ಅಳತೆ ತೋರಿಸುವ ಟಾರ್ಕ್ ವ್ರೆಂಚಿನಿಂದ. ವ್ರೆಂಚ್ ಇಲ್ಲದಿದ್ದರೆ ಗ್ಯಾರೇಜಿಗೆ ಹೋಗಿ ಅದೊಂದನ್ನು ಮಾಡಿಸಿಕೊಳ್ಳಿ. ಎರಡು ಗುಂಡಿನ ಬೇರಿಂಗ್, ನಡುವೆ ಸ್ಪೇಸರ್ ಇರುವ ಜೋಡಣೆಯಲ್ಲಿ ನಟ್ಟಿನ ಒತ್ತಡ ಒಳರಿಂಗ್, ಸ್ಪೇಸರ್, ಮತ್ತೆ ಒಳರಿಂಗ್ ಹೀಗೆ ಸಾಗುತ್ತದೆ. ಗುಂಡುಗಳ ಮೇಲೆ ಬೀಳುವುದಿಲ್ಲ. ಆದ್ದರಿಂದ ಇಲ್ಲಿ ಸಡಿಲ ಬಿಡುವುದೇ ತಪ್ಪು: ಒಳರಿಂಗ್ ಸ್ಪಿಂಡಲ್ಲಿನ ಮೇಲೆ ಸುತ್ತಲು ಶುರು ಮಾಡಿ ಅದನ್ನು ತಿಂದುಹಾಕುತ್ತದೆ. ಬಿಗಿ ಮಾಡಿದ ಮೇಲೆ ಡ್ರಮ್ಮು ಕೈಯಲ್ಲಿ ಹಗುರವಾಗಿ ತಿರುಗಬೇಕು. ಬಿಗಿದಂತೆಲ್ಲ ಡ್ರಮ್ಮು ಗಡಸಾದರೆ ನಿಲ್ಲಿಸಿ. ಸ್ಪೇಸರ್ ಬಿಟ್ಟುಹೋಗಿದೆ, ಇಲ್ಲವೇ ಬೇರಿಂಗ್ ತಳ ಮುಟ್ಟಿಲ್ಲ.

ಪಿನ್ನಿನ ತೂತು ಸಾಲಿಗೆ ಬರದಿದ್ದರೆ ಸ್ವಲ್ಪ ಮುಂದಕ್ಕೆ ಬಿಗಿ ಮಾಡಿ ಸೇರಿಸಿ, ಹಿಂದಕ್ಕೆ ಸಡಿಲಿಸಬೇಡಿ.

ಹಳೇ ಸ್ಪ್ಲಿಟ್ ಪಿನ್ ಚೆನ್ನಾಗೇ ಇದೆ, ಅದನ್ನೇ ಹಾಕ್ಲಾ?

ಹಾಕಬೇಡಿ. ಚಕ್ರ ಕಳಚದ ಹಾಗೆ ಕಾಯುವ ಕೊನೆಯ ಕಾವಲು ಅದು. ಹೊಸದಕ್ಕೆ ಒಂದು ಟೀ ದುಡ್ಡೂ ಆಗುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಹೊಸ ಬೇರಿಂಗ್ ಹಾಕಿದ್ರೂ ಸೌಂಡ್ ಹೋಗಿಲ್ಲ. ಎಲ್ಲಿ ತಪ್ಪಿದೆ?

ಮೊದಲು ಆಚೆ ಕಡೆಯ ಚಕ್ರ ನೋಡಿ. ಸದ್ದು ಗಾಡಿಯ ಮೈಯಲ್ಲಿ ಓಡಾಡುತ್ತದೆ, ಎಡಗಡೆಯದು ಬಲಗಡೆ ಕೇಳುವುದು ಮಾಮೂಲಿ. ಹಿಂದಿನ ಟೈರುಗಳ ಮೇಲೆ ಅಂಗೈ ಸವರಿ, ಗರಗಸದ ಹಲ್ಲಿನ ಹಾಗೆ ಏರಿಳಿತ ಸಿಕ್ಕರೆ ಸದ್ದಿನ ಮೂಲ ಅಲ್ಲೇ ಇದೆ. ಇವೆರಡೂ ಸರಿ ಇದ್ದರೆ ಕೂರಿಸುವಾಗ ಪೆಟ್ಟು ಬಿದ್ದಿರಬಹುದು, ಇಲ್ಲವೇ ಕಸ ಸೇರಿರಬಹುದು.

ಬೇರಿಂಗ್ ಒಡೆದು ಒಳಗಿನ ರಿಂಗ್ ಸ್ಪಿಂಡಲ್ ಮೇಲೇ ಉಳ್ಕೊಂಡಿದೆ. ತೆಗೆಯೋದು ಹೆಂಗೆ?

ಪುಲ್ಲರ್‌ಗೆ ಹಿಡಿತ ಸಿಕ್ಕರೆ ಅದೇ ಸುಲಭ. ಸಿಗದಿದ್ದರೆ ಸಣ್ಣ ಗ್ರೈಂಡರಿನಿಂದ ರಿಂಗಿನ ಒಂದು ಕಡೆ ಅಡ್ಡಕ್ಕೆ ಕೊಯ್ಯುತ್ತಾ ಹೋಗಿ, ಸ್ಪಿಂಡಲ್ ಮುಟ್ಟುವ ಸ್ವಲ್ಪ ಮುಂಚೆ ನಿಲ್ಲಿಸಿ. ಆ ಗೀರಿಗೆ ಉಳಿ ಇಟ್ಟು ಒಂದು ಏಟು ಕೊಟ್ಟರೆ ಗಡಸು ಉಕ್ಕು ಟಪ್ ಅಂತ ಸೀಳುತ್ತದೆ. ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ. ಬ್ರೇಕ್ ಪೈಪು, ವೀಲ್ ಸಿಲಿಂಡರಿಗೆ ಒದ್ದೆ ಬಟ್ಟೆ ಮುಚ್ಚಿ.

ಆಮೇಲೆ ಸ್ಪಿಂಡಲ್ಲನ್ನು ಸಮಾಧಾನವಾಗಿ ನೋಡಿ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಸುಟ್ಟಿದೆ ಅಂತ ಅರ್ಥ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಇದ್ದರೆ ಅಥವಾ ಹೊಸ ಬೇರಿಂಗ್ ಅದರ ಮೇಲೆ ಅಲ್ಲಾಡಿದರೆ ಸ್ಪಿಂಡಲ್ಲೇ ಬದಲಾಗಬೇಕು. ಆ ಕೆಲಸ ಗ್ಯಾರೇಜಿನದು.

ಡ್ರಮ್ಮಿನಲ್ಲಿ ಹೊಸ ಬೇರಿಂಗ್ ಕೈಯಲ್ಲೇ ಜಾರ್ತಿದೆ. ಪಂಚ್ ಹೊಡೆದು ಬಿಗಿ ಮಾಡ್ಕೊಡ್ತೀನಿ ಅಂತಾರೆ, ಮಾಡಿಸ್ಲಾ?

ದಯವಿಟ್ಟು ಬೇಡ. ಗೋಡೆಗೆ ಪಂಚ್ ಹೊಡೆದಾಗ ಎದ್ದ ಚುಕ್ಕೆಗಳ ಮೇಲೆ ಬೇರಿಂಗ್ ನಿಲ್ಲುತ್ತದೆ, ಕೆಲವು ದಿನಕ್ಕೆ ಅವು ಸವೆದು ಮತ್ತೆ ಸಡಿಲ. ಅಂಟು ಹಾಕುವುದೂ ಬಿಸಿಯಾಗುವ ಡ್ರಮ್ಮಿಗೆ ಸರಿಯಲ್ಲ. ಡ್ರಮ್ಮು ಬದಲಿಸಿ. ಹಳೇ ಗಾಡಿಗಳ ಡ್ರಮ್ಮು ಹುಡುಕಿದರೆ ಸಿಗುತ್ತವೆ.

ನನ್ನ ಗಾಡೀಲಿ ಗುಂಡು ಅಲ್ಲ, ಓರೆ ರೋಲರ್ ಇದೆ. ಇದೇ ಥರ ಬಿಗಿ ಮಾಡ್ಬಹುದಾ?

ಮಾಡಬೇಡಿ, ಇದು ಪೂರ್ತಿ ಬೇರೆ. ಟೇಪರ್ ರೋಲರ್ ಬೇರಿಂಗಿನಲ್ಲಿ ನಟ್ಟಿನ ಒತ್ತಡ ನೇರ ರೋಲರ್ ಮೇಲೆ ಬೀಳುತ್ತದೆ. ಪೈಪು ಹಾಕಿ ಬಿಗಿದರೆ ಕೆಲವೇ ಕಿಲೋಮೀಟರಿಗೆ ಸುಡುತ್ತದೆ. ಸಾಮಾನ್ಯ ಕ್ರಮ ಹೀಗೆ: ಡ್ರಮ್ಮು ತಿರುಗಿಸುತ್ತಲೇ ನಟ್ ಸ್ವಲ್ಪ ಬಿಗಿ ಮಾಡಿ ರೋಲರ್ ಕೂರಿಸಿ, ಪೂರ್ತಿ ಸಡಿಲಿಸಿ, ಮತ್ತೆ ಬೆರಳಿನ ಬಿಗಿಗೆ ತಂದು ಪಿನ್ ಹಾಕಿ. ಆಟ ಇರುವುದೋ ಇಲ್ಲವೋ ಅನ್ನುವಷ್ಟು ಇರಬೇಕು. ನಿಮ್ಮ ಮಾಡೆಲ್ಲಿನ ಪುಸ್ತಕ ಬೇರೆ ಕ್ರಮ ಹೇಳಿದ್ದರೆ ಅದನ್ನೇ ನಡೆಸಿ. ಇಲ್ಲಿ ರೋಲರ್ ಜೊತೆ ಡ್ರಮ್ಮಿನಲ್ಲಿ ಕೂತ ಹೊರಬಟ್ಟಲನ್ನೂ ಬದಲಿಸಬೇಕು. ಹಳೇ ಬಟ್ಟಲಿಗೆ ಹೊಸ ರೋಲರ್ ಹೊಂದುವುದಿಲ್ಲ.

ಓಮ್ನಿ, ಅಂಬಾಸಿಡರ್, ಪದ್ಮಿನಿಗೂ ಹಿಂಗೇ ಮಾಡ್ಬಹುದಾ?

ಇವು ಹಿಂದಿನ ಚಕ್ರದಿಂದ ತಳ್ಳುವ ಗಾಡಿಗಳು. ಹಿಂದೆ ತಿರುಗುವ ಆಕ್ಸಲ್ ಇದೆ, ಅದರಾಚೆ ಡಿಫರೆನ್ಷಿಯಲ್ ಆಯಿಲ್ ಇದೆ. ಓಮ್ನಿಯಲ್ಲಿ ಆಕ್ಸಲ್ ಎಳೆದು ತೆಗೆದು, ಅದರ ಮೇಲೆ ಬಿಗಿಯಾಗಿ ಕೂತ ರಿಂಗನ್ನು ಕತ್ತರಿಸಿ, ಪ್ರೆಸ್ಸಿನಲ್ಲಿ ಬೇರಿಂಗ್ ಕೂರಿಸಬೇಕು. ಮನೆಯಲ್ಲಿ ಆಕ್ಸಲ್ ಹೊರಗೆ ತೆಗೆಯುವವರೆಗೆ ಮಾಡಿಕೊಂಡು, ಪ್ರೆಸ್ ಕೆಲಸಕ್ಕೆ ಲೇತ್ ಅಂಗಡಿಗೆ ಒಯ್ಯುವವರಿದ್ದಾರೆ. ಮೊದಲ ಸಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ಎಲ್ಲಾ ಮುಗೀತು. ಸೀದಾ ಓಡಿಸ್ಬಹುದಾ, ಮತ್ತೆ ಯಾವಾಗ ನೋಡ್ಬೇಕು?

ಗಾಡಿ ಇಳಿಸಿದ ಮೇಲೆ, ಅಲುಗಿಸುವ ಮುಂಚೆ, ಬ್ರೇಕ್ ಪೆಡಲ್ ಹತ್ತಾರು ಸಲ ತುಳಿಯಿರಿ. ಅಡ್ಜಸ್ಟರ್ ಹಿಂದಕ್ಕೆ ಬಿಟ್ಟಿದ್ದೀರಿ, ಮೊದಲ ತುಳಿತಕ್ಕೆ ಪೆಡಲ್ ನೆಲಕ್ಕೇ ಹೋಗುತ್ತದೆ. ಗಟ್ಟಿಯಾದ ಮೇಲೆ ಹ್ಯಾಂಡ್‌ಬ್ರೇಕ್ ಸರಿ ಮಾಡಿ. ಮನೆಯ ಬೀದಿಯಲ್ಲೇ ನಿಧಾನಕ್ಕೆ ಎರಡು ಸುತ್ತು ಹೊಡೆದು ಬ್ರೇಕ್ ನೋಡಿ. ಆಮೇಲೆ ಹರಿಹರದವರೆಗೆ ಹೋಗಿ ಬನ್ನಿ, ಹೆಚ್ಚುಕಮ್ಮಿ 14 ಕಿಲೋಮೀಟರ್. ಅಲ್ಲಿ ನಿಲ್ಲಿಸುವಾಗ ಬ್ರೇಕ್ ಕಡಿಮೆ ಬಳಸಿ, ಇಳಿದು ಎರಡೂ ಹಿಂದಿನ ಚಕ್ರದ ನಡುವಿನ ಹತ್ತಿರ ಕೈ ಒಡ್ಡಿ. ಮುಟ್ಟುವ ಮುಂಚೆಯೇ ಶಾಖ ತಿಳಿಯುತ್ತದೆ. ಎರಡೂ ಒಂದೇ ಥರ ಬೆಚ್ಚಗಿದ್ದರೆ ಸರಿ. ಹೊಸದು ಮಾತ್ರ ಸುಡುತ್ತಿದ್ದರೆ ನಿಧಾನವಾಗಿ ಮನೆಗೆ ತಂದು ಬಿಚ್ಚಿ ನೋಡಿ.

ವಾರ ಕಳೆದ ಮೇಲೆ ಮತ್ತೆ ಚಕ್ರ ಎತ್ತಿ, 12 ಮತ್ತು 6ರ ಜಾಗ ಹಿಡಿದು ಅಲ್ಲಾಡಿಸಿ. ಚಕ್ರದ ನಾಲ್ಕೂ ನಟ್ಟಿಗೆ ಪಾನಾ ಹಾಕಿ ನೋಡಿ. ತೆಗೆದ ಹಳೇ ಬೇರಿಂಗಿನ ನಂಬರನ್ನು ಆರ್‌ಸಿ ಇಡುವ ಕವರಿನಲ್ಲೇ ಒಂದು ಚೀಟಿಯಲ್ಲಿ ಬರೆದಿಡಿ, ತಾರೀಕು ಮತ್ತು ಕಿಲೋಮೀಟರ್ ಸಮೇತ.